ಗೈಬುಸಾಬನ ಕೈಯೂ ಚಂಪಿಯ ಉಗುರೂ

ಝಳಕಿಯಲ್ಲಿ ಸೋಲಾಪುರದ ಸಡಕಿನ ಪಕ್ಕಕ್ಕೆ ಒಂದು ಬೇವಿನ ಮರ, ಅದರ ಕೆಳಗೆ ಗೈಬುಸಾಬನ ದರಬಾರು. ಎತ್ತಿನ ಕಾಲಿಗೆ ನಾಲ, ಅಂದರೆ ಕಬ್ಬಿಣದ ಲಾಳ, ಬಡಿಯುವವನಿಗೆ ದರಬಾರು ಅನ್ನುವ ಮಾತು ಹೆಚ್ಚಾಯಿತು ಎಂದು ಯಾರಿಗಾದರೂ ಅನ್ನಿಸಿದರೆ, ಅವರು ಗೈಬುಸಾಬನನ್ನು ನೋಡಿಲ್ಲ ಎಂದೇ ಅರ್ಥ. ಎತ್ತಿಗೆ ಹಗ್ಗ ಹಾಕಿ, ನೋವಾಗದಂತೆ ಕೆಡವಿ, ನಾಲ್ಕೂ ಕಾಲು ಕೂಡಿಸಿ ಕಟ್ಟಿ, ಗೊರಸಿನ ಮುಂದೆ ಅವನು ಕುಕ್ಕರಗಾಲಲ್ಲಿ ಕೂತನೆಂದರೆ ಸುತ್ತ ನಿಂತ ಗಾಡಿಯವರು ಬೀಡಿ ಎಳೆಯುವುದನ್ನು ಮರೆಯುತ್ತಿದ್ದರು. ಇಂಡಿ, ಸಿಂದಗಿ, ಅತ್ತ ಬಸವನ ಬಾಗೇವಾಡಿಯ ಕಡೆಯಿಂದಲೂ ಎತ್ತು ಹೊಡೆದುಕೊಂಡು ಬರುವವರಿದ್ದರು. ನಡುವೆ ಮೂರು ಊರಲ್ಲಿ ನಾಲ ಬಡಿಯುವ ಮೂರು ನಾಲಬಂದರನ್ನು ದಾಟಿ ಬರುತ್ತಿದ್ದರು ಅನ್ನುವುದನ್ನು ಗೈಬುಸಾಬ ತಾನಾಗಿ ಹೇಳುತ್ತಿರಲಿಲ್ಲ. ಕೇಳಿದರೆ ಮಾತ್ರ ಹೇಳುತ್ತಿದ್ದ, ಕೇಳುವ ಹಾಗೆಯೂ ಮಾಡುತ್ತಿದ್ದ.

ಗೊರಸಿನಲ್ಲಿ ಹೊರಗಿನದು ಸತ್ತದ್ದು, ಒಳಗಿನದು ಜೀವ ಇರುವುದು. ಮೊಳೆ ಸತ್ತದ್ದರಲ್ಲಿ ಹೊಕ್ಕು ಸತ್ತದ್ದರಲ್ಲೇ ಹೊರಗೆ ಬರಬೇಕು. ಒಂದು ಜೋಳದ ಕಾಳಿನಷ್ಟು ಒಳಕ್ಕೆ ಸರಿದರೆ ಜೀವಕ್ಕೆ ತಾಗುತ್ತದೆ, ರಕ್ತ ಬರುತ್ತದೆ, ಎತ್ತು ಕುಂಟುತ್ತದೆ. ಗೈಬುಸಾಬನ ಹೆಸರೆಲ್ಲ ನಿಂತದ್ದು ಆ ಕಾಳಿನಷ್ಟು ಜಾಗದ ಮೇಲೆ. ಈ ಕೈ ರಗತ ಕಂಡಿಲ್ಲ ಎಂದು ಅವನು ಅಂಗೈ ಚಾಚಿ ತೋರಿಸುತ್ತಿದ್ದ. ಮೂವತ್ತು ವರ್ಷದಿಂದ ಹೇಳಿ ಹೇಳಿ ಆ ಮಾತು ಈಗ ಊರಿನ ಮಾತೇ ಆಗಿತ್ತು. ಹೊಸ ಗಿರಾಕಿಗೆ ಅವನಿಗಿಂತ ಮೊದಲು ಚಹಾದ ಅಂಗಡಿಯವನೇ ಅದನ್ನು ಹೇಳಿ ಮುಗಿಸಿರುತ್ತಿದ್ದ.

ಎಪ್ಪತ್ತಾರನೆಯ ಇಸವಿಯ ಸುಗ್ಗಿ ಮುಗಿದ ಮೇಲೆ ಒಂದು ದಿನ ಚಡಚಣದಿಂದ ಗುರಲಿಂಗಪ್ಪ ಬಂದ. ಶ್ರೀಶೈಲಪ್ಪ ಗೌಡರ ಮನೆಯ ಹಿರಿಯ ಆಳು ಅವನು. ಎಂಟು ಜೋಡಿ ಎತ್ತಿನ ಮನೆ ಅದು, ಗೈಬುಸಾಬನ ತಂದೆಯ ಕಾಲದಿಂದ ಆ ಮನೆಯ ನಾಲವೆಲ್ಲ ಇವರದೇ. ಎತ್ತು ಎಲ್ಲಿ ಎಂದು ಗೈಬುಸಾಬ ಕೇಳಿದ. ಗುರಲಿಂಗಪ್ಪ ನಾಚಿಕೊಂಡು, ಈ ಸಲ ಎತ್ತಿನ ಕೆಲಸ ಅಲ್ಲ, ಬೆಕ್ಕಿನದು ಅಂದ.

ಸಂಗತಿ ಹೀಗಿತ್ತು. ಗೌಡರು ಸೋಲಾಪುರದಿಂದ ಒಂದು ಸೋಫಾ ತರಿಸಿದ್ದರು. ಕೆಂಪು ಮಕಮಲ್ಲಿನದು, ಟ್ರಕ್ಕಿನಲ್ಲಿ ಬಂದದ್ದು, ಇಳಿಸಲಿಕ್ಕೆ ಆರು ಮಂದಿ ಬೇಕಾದದ್ದು. ಅದು ಬಂದ ದಿನದಿಂದ ಅದರ ಮೇಲೆ ಯಾರೂ ಕೂತಿರಲಿಲ್ಲ. ಗೌಡರು ಸ್ವತಃ ಅದರ ಎದುರಿಗೆ ಚಾಪೆ ಹಾಕಿಕೊಂಡು ಕೂತು ಅದನ್ನು ನೋಡುತ್ತಿದ್ದರು. ಕೂರುವ ಧೈರ್ಯ ಇದ್ದದ್ದು ಮನೆಯ ಬೆಕ್ಕು ಚಂಪಿಗೆ ಮಾತ್ರ. ಅದು ಕೂರುವುದಷ್ಟೇ ಅಲ್ಲ, ದಿನಾ ಬೆಳಿಗ್ಗೆ ಸೋಫಾದ ತೋಳಿಗೆ ಮುಂಗಾಲು ಹಚ್ಚಿ, ಬೆನ್ನು ಬಗ್ಗಿಸಿ, ಪರಪರ ಎಂದು ಉಗುರು ಮಸೆಯುತ್ತಿತ್ತು. ಒಂದು ತಿಂಗಳಲ್ಲಿ ಬಲಗಡೆಯ ತೋಳಿನ ಹತ್ತಿ ಹೊರಗೆ ಬಂತು.

ಬೆಕ್ಕನ್ನು ಚೀಲದಲ್ಲಿ ಹಾಕಿ ದೂರದ ತೋಟದಲ್ಲಿ ಬಿಟ್ಟು ಬಂದರು. ಗೌಡರ ತಾಯಿ ಹೊನ್ನವ್ವ, ಎಂಬತ್ತರ ಹತ್ತಿರದ ಮುದುಕಿ, ಅದು ತಿರುಗಿ ಬರುವ ತನಕ ರೊಟ್ಟಿ ಮುಟ್ಟುವುದಿಲ್ಲ ಎಂದು ಗೋಡೆಗೆ ಮುಖ ಮಾಡಿ ಕೂತಳು. ಮೂರನೆಯ ದಿನ ಗೌಡರೇ ಟಾರ್ಚು ಹಿಡಿದು ತೋಟದ ತುಂಬ ಚಂಪೀ ಚಂಪೀ ಎಂದು ಕೂಗುತ್ತ ಅಡ್ಡಾಡಿ ಹಿಡಿದು ತಂದರು. ಅಷ್ಟರಲ್ಲಿ ಮುಂಬೈಯಿಂದ ಅಳಿಯ ಬಂದಿದ್ದ. ಪರದೇಶದ ಸಾಹೇಬರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ, ಬೆಕ್ಕಿನ ಉಗುರನ್ನೇ ಬುಡಸಮೇತ ತೆಗೆಸಿಬಿಡುತ್ತಾರೆ, ಆಮೇಲೆ ಅದು ಮಕಮಲ್ಲಿನ ಮೇಲೆ ಮಲಗಿದರೂ ಒಂದು ಎಳೆ ಏಳುವುದಿಲ್ಲ ಅಂದ. ಗೌಡರಿಗೆ ಮಾತು ಹಿಡಿಸಿತು. ದನದ ಡಾಕ್ಟರನ್ನು ಕೇಳಿದರೆ, ತಾನು ಅದನ್ನು ಕಲಿತಿಲ್ಲ, ತನಗೆ ಬರುವುದಿಲ್ಲ ಅಂದನಂತೆ. ಆಗ ಗೌಡರಿಗೆ ಹೊಳೆದದ್ದು ಗೈಬುಸಾಬ. ಎತ್ತಿನ ಗೊರಸು ಕೆತ್ತುವವನಿಗೆ ಬೆಕ್ಕಿನ ಉಗುರು ಯಾವ ಲೆಕ್ಕ?

ಇದೆಲ್ಲ ಕೇಳುವಾಗ ಬೇವಿನ ಮರದ ಕೆಳಗೆ ಏಳೆಂಟು ಗಾಡಿಯವರಿದ್ದರು. ಅದೇ ಕೆಟ್ಟದ್ದಾಯಿತು. ಒಬ್ಬನೇ ಇದ್ದಿದ್ದರೆ ಗೈಬುಸಾಬ ಒಂದು ಗಳಿಗೆ ಯೋಚನೆ ಮಾಡುತ್ತಿದ್ದನೇನೋ. ನಾಲ್ಕು ಮಂದಿ ಎದುರಿಗಿದ್ದರೆ ಅವನ ನಾಲಿಗೆ ಅವನಿಗಿಂತ ಹತ್ತು ಮಾರು ಮುಂದೆ ಓಡುತ್ತಿತ್ತು. ಬರೂದಿಲ್ಲ ಅನ್ನೂದು ಡಾಕ್ಟರಿಗೆ ಒಪ್ಪತೈತಿ, ನಾಲಬಂದಗ ಒಪ್ಪೂದಿಲ್ಲ, ಸೋಮವಾರ ಬರ್ತೇನಿ ಅಂತ ಹೇಳ ಅಂದ. ಗಾಡಿಯವರು ನಕ್ಕರು, ತಲೆದೂಗಿದರು. ಹೋಗುವ ಮುಂದೆ ಗುರಲಿಂಗಪ್ಪ ಇನ್ನೊಂದು ಮಾತು ಹೇಳಿದ. ಹೊನ್ನವ್ವ ಇದಕ್ಕೆ ಒಪ್ಪಿದ್ದಾಳೆ, ಆದರೆ ಒಂದು ಕರಾರು ಹಾಕಿದ್ದಾಳೆ. ಬೆಕ್ಕಿಗೆ ಏನೂ ಆಗುವುದಿಲ್ಲ ಎಂದು ಗೈಬುಸಾಬ ತನ್ನ ಬಾಯಿಂದ ಹೇಳಬೇಕು. ಅವನು ಹೂಂ ಅಂದರೆ ಅವಳದೂ ಹೂಂ, ಅವನು ಬೇಡ ಅಂದರೆ ಗೌಡ ಸೋಫಾಕ್ಕೆ ಬೆಂಕಿ ಹಚ್ಚಿಕೊಂಡರೂ ಬೇಡ.

ಅದನ್ನು ಕೇಳಿ ಗೈಬುಸಾಬನ ಎದೆ ಎರಡು ಇಂಚು ಉಬ್ಬಿತು. ಮನೆಗೆ ಹೋಗಿ ಹೆಂಡತಿ ಜನ್ನತಬಿಗೆ ಎರಡು ಸಲ ಹೇಳಿದ. ಜನ್ನತಬಿ ರೊಟ್ಟಿ ಬಡಿಯುತ್ತ, ಬೆಕ್ಕ ಏನ ನಿಮ್ಮ ಮುಂದ ಕಾಲ ಚಾಚಿ ಮಲಗತೈತೇನ್ರಿ, ಮೊದಲ ನಿಮ್ಮ ಮೂಗ ಹುಷಾರ ಇಟಗೋರಿ ಅಂದಳು. ಅವಳಿಗೆ ಗಂಡನ ಜಂಬದ ಅಳತೆ ಗೊತ್ತಿತ್ತು. ಹಾಗಂತ ಬೇರೆ ಯಾರಾದರೂ ಅವನ ಕೈಯಲ್ಲಿ ಕುಂದು ಹುಡುಕಿದರೆ ಅವರನ್ನು ಬಿಡುವವಳೂ ಅಲ್ಲ.

ಸೋಮವಾರ ಬೆಳಿಗ್ಗೆ ಗೈಬುಸಾಬ ಒಗೆದ ಅಂಗಿ ಹಾಕಿ, ಕೆಂಪು ರುಮಾಲು ಸುತ್ತಿ, ಸಾಮಾನಿನ ಚೀಲ ಹೆಗಲಿಗೇರಿಸಿ ಬಸ್ಸಿನಲ್ಲಿ ಚಡಚಣಕ್ಕೆ ಬಂದ. ಗೌಡರ ಅಂಗಳದಲ್ಲಿ ಜಾತ್ರೆ ನೆರೆದಿತ್ತು. ಬೆಕ್ಕಿನ ಉಗುರು ಕೀಳುವುದನ್ನು ಯಾರು ನೋಡಿದ್ದಾರೆ? ಓಣಿಯ ಗಂಡಸರೆಲ್ಲ ಕಟ್ಟೆಯ ಮೇಲೆ, ಹೆಂಗಸರು ಬಾಗಿಲ ಸಂದಿಯಲ್ಲಿ. ಅಳಿಯನಂತೂ ತಾನೇ ಕಂಡುಹಿಡಿದವನ ಹಾಗೆ ಕೈಕಟ್ಟಿ ನಿಂತಿದ್ದ. ಹೊನ್ನವ್ವ ಕಂಬಕ್ಕೆ ಒರಗಿ, ಚಂಪಿಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬೂದು ಬಣ್ಣದ ದಪ್ಪ ಬೆಕ್ಕು. ತನ್ನ ಸಲುವಾಗಿ ಇಷ್ಟು ಜನ ಸೇರಿದ್ದಾರೆ ಅನ್ನುವುದು ಅದಕ್ಕೆ ಸಹಜವಾಗಿಯೇ ಕಂಡಂತಿತ್ತು.

ಗೈಬುಸಾಬ ಮುದುಕಿಯ ಮುಂದೆ ಕೂತ. ಅವಸರ ಮಾಡಲಿಲ್ಲ. ಮೊದಲು ಬೆಕ್ಕಿನ ಕತ್ತು ಕೆರೆದ, ಆಮೇಲೆ ಹೆಗಲು, ಆಮೇಲೆ ಕಾಲು. ಹೆದರಿದ ಎತ್ತಿಗೂ ಅವನು ಹೀಗೆಯೇ ಮಾಡುತ್ತಿದ್ದ. ಕಾಲು ಸಡಿಲಾದ ಮೇಲೆ ಅಂಗಾಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಒತ್ತಿದ. ಉಗುರು ಹೊರಗೆ ಬಂತು. ಒತ್ತುವುದು ಬಿಟ್ಟ, ಒಳಗೆ ಹೋಯಿತು. ಮತ್ತೆ ಒತ್ತಿದ.

ಕಣ್ಣಿಗಿಂತ ಅವನ ಹೆಬ್ಬೆರಳು ಶಾಣ್ಯಾ. ಗೊರಸಿನಲ್ಲಿ ಸತ್ತದ್ದು ಎಲ್ಲಿ ಮುಗಿಯುತ್ತದೆ, ಜೀವ ಎಲ್ಲಿ ಶುರುವಾಗುತ್ತದೆ ಎಂದು ಅದು ಕತ್ತಲಲ್ಲೂ ಹೇಳುತ್ತಿತ್ತು. ಇಲ್ಲಿ ಆ ಗೆರೆಯನ್ನು ಹುಡುಕಿ ಹುಡುಕಿ ಅದು ಬುಡದ ತನಕ ಹೋಯಿತು. ಗೆರೆ ಸಿಗಲಿಲ್ಲ. ಬಿಸಿಲಿಗೆ ಉಗುರನ್ನು ಹಿಡಿದು ನೋಡಿದ. ತುದಿಯ ಒಂದು ಚೂರು ಬಿಟ್ಟರೆ ಒಳಗೆಲ್ಲ ಗುಲಾಬಿ ಬಣ್ಣ. ಮತ್ತೆ ಹೆಬ್ಬೆರಳಿನಿಂದ ಬುಡವನ್ನು ಅಲ್ಲಾಡಿಸಿದ. ಉಗುರು ಚರ್ಮದಲ್ಲಿ ನೆಟ್ಟದ್ದಲ್ಲ, ಎಲುಬಿನಿಂದಲೇ ಬೆಳೆದದ್ದು. ಉಗುರು ಅಲ್ಲಾಡಿದರೆ ಬೆರಳಿನ ತುದಿಯ ಎಲುಬೂ ಅಲ್ಲಾಡುತ್ತಿತ್ತು. ಇದನ್ನು ಬುಡಸಮೇತ ತೆಗೆಯುವುದೆಂದರೆ ಉಗುರು ತೆಗೆಯುವುದಲ್ಲ, ಹದಿನೆಂಟು ಬೆರಳಿನ ತುದಿ ಕತ್ತರಿಸುವುದು. ಸೋಮವಾರ ಬರ್ತೇನಿ ಅಂದ ನಾಲಿಗೆಯನ್ನು ಅವನು ಮನಸ್ಸಿನಲ್ಲೇ ಕಚ್ಚಿಕೊಂಡ.

ಬೆಕ್ಕನ್ನು ಬಿಟ್ಟು, ಆಗೂದಿಲ್ರಿ ಗೌಡ್ರ ಅಂದ. ಇದರಾಗ ಬುಡದ ತನಕ ಜೀವ ಐತಿ, ಕಿತ್ತರೆ ಬೆರಳೇ ಹೋಗುತ್ತದೆ ಎಂದು ತಿಳಿಸಿ ಹೇಳಿದ.

ಕಟ್ಟೆಯ ಮೇಲೆ ಗುಜುಗುಜು ಎದ್ದಿತು. ಗೌಡರು ಸಿಟ್ಟಾಗಲಿಲ್ಲ, ನಕ್ಕರು. ಸಿಟ್ಟಾಗಿದ್ದರೆ ಗೈಬುಸಾಬನಿಗೆ ಸುಲಭವಿತ್ತು. ಬೇರೆಯವರ ಕೈಯಲ್ಲಾದರೆ ಹಾಗಾಗುತ್ತದೆ, ನಿನ್ನ ಕೈಯಲ್ಲಿ ಯಾಕಾಗುತ್ತದೆ ಎಂದು ಅವರು ಕೇಳಿದರು. ಅಳಿಯ ಅದಕ್ಕೆ ದನಿಗೂಡಿಸಿ, ಪರದೇಶದ ಡಾಕ್ಟರರಿಗೆ ಇದ್ದ ಹಾಗೆ ನಮ್ಮ ಕಡೆ ಗೈಬುಸಾಬ ಅಂದ. ಕಟ್ಟೆಯ ಮೇಲಿದ್ದ ಒಬ್ಬರಲ್ಲ, ಹತ್ತು ಮಂದಿ ಅದೇ ಮಾತು ತೆಗೆದರು. ಇಷ್ಟು ವರ್ಷ ನಾಲ ಬಡಿದು ಒಂದು ಹನಿ ಕೆಡವದ ಕೈ ಅದು, ಒಂದು ಬೆಕ್ಕಿಗೆ ಹೆದರುತ್ತದೆಯೇ?

"ನೋಡ ಗೈಬುಸಾಬ," ಅಂದರು ಗೌಡರು. "ನಿನ್ನ ಕೈಯಾಗ ರಗತ ಬರೂದ ಇಲ್ಲ. ಅದು ನಮಗ ಗೊತ್ತೈತಿ, ನಮ್ಮ ಎತ್ತಿಗೂ ಗೊತ್ತೈತಿ. ಒಂದ ಉಗರ ತಗದ ನೋಡು. ಒಂದ."

ಗೈಬುಸಾಬ ತನ್ನ ಕೈ ನೋಡಿಕೊಂಡ. ಮೂವತ್ತು ವರ್ಷ ತಾನೇ ಊರೂರಿಗೆ ಹೊತ್ತು ತಿರುಗಿ ಮಾರಿದ ಮಾತು ಈಗ ಬಂದು ಅವನ ಕುತ್ತಿಗೆಗೇ ಕೂತಿತ್ತು. ಈ ಕೈ ರಕ್ತ ಕಂಡಿಲ್ಲ ಅನ್ನುವುದು ನಿಜವಾದರೆ ಬೆಕ್ಕಿಗೆ ಭಯವಿಲ್ಲ, ಅವನು ಬೇಡ ಅನ್ನುವುದಕ್ಕೆ ಕಾರಣವೂ ಇಲ್ಲ. ಜೀವಕ್ಕೆ ತಾಗಿದರೆ ಏನಾಗುತ್ತದೆ ಎಂದು ನಿನಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ಅದನ್ನು ಕೇಳಿಕೊಂಡವನು ಅವನೊಬ್ಬನೇ. ಅವನಿಗೆ ಗೊತ್ತಿತ್ತು, ಅದೂ ಇದೇ ಅಂಗಳದಲ್ಲೇ ಗೊತ್ತಾದದ್ದು.

ಆಗ ಅವನಿಗೆ ಇಪ್ಪತ್ತು ವರ್ಷ. ತಂದೆಗೆ ಜ್ವರ ಬಂದು, ಮೊದಲ ಸಲ ಒಬ್ಬನೇ ಚೀಲ ಹೊತ್ತು ಬಂದಿದ್ದ. ಈಗಿನ ಗೌಡರ ತಂದೆಯ ಕಾಲ ಅದು. ಮನೆಯಲ್ಲಿ ಸರ್ಜ್ಯಾ ಎಂಬ ಎತ್ತು ಇತ್ತು, ಹೊನ್ನವ್ವ ಕರುವಿನಿಂದ ಕೈಯಾರೆ ಹಿಟ್ಟುಂಡೆ ತಿನ್ನಿಸಿ ಬೆಳೆಸಿದ್ದು. ಎರಡು ವರ್ಷ ಕಾರಹುಣ್ಣಿಮೆಯ ದಿನ ಊರಬಾಗಿಲ ಅಗಸಿಯಲ್ಲಿ ಎಲ್ಲ ಎತ್ತುಗಳನ್ನು ಹಿಂದೆ ಹಾಕಿ, ಅಡ್ಡ ಕಟ್ಟಿದ ಕರಿಯ ಹಗ್ಗ ಹರಿದದ್ದು. ಮುಂಗಾಲಿನ ಮೂರನೆಯ ಮೊಳೆ ಹೊಡೆಯುವಾಗ ಯಾರೋ ಹೊಗಳಿದರು. ಗೈಬುಸಾಬ ತಲೆ ಎತ್ತಿ ನಕ್ಕ. ಸುತ್ತಿಗೆ ಬಿತ್ತು, ಮೊಳೆ ವಾರೆಯಾಯಿತು, ಎತ್ತು ಮೈಯೆಲ್ಲ ನಡುಗಿತು. ಮೊಳೆ ಎಳೆದರೆ ಹಿಂದೆಯೇ ಒಂದು ಕೆಂಪು ಹನಿ. ರುಮಾಲಿನಿಂದ ಒರೆಸಿ, ಮೇಲೆ ಸಗಣಿ ಮೆತ್ತಿ, ಬೇರೆ ಮೊಳೆ ಹೊಡೆದು ಎದ್ದ. ಯಾರೂ ನೋಡಲಿಲ್ಲ. ನಾಲ್ಕನೆಯ ದಿನ ಎತ್ತು ಕುಂಟಿತು. ಹಾದಿಯ ಕಲ್ಲು ಚುಚ್ಚಿರಬೇಕು ಎಂದು ಮನೆಯವರು ಬರೆ ಹಾಕಿಸಿದರು. ಕಾಲು ಮಾಯಿತು, ನಡಿಗೆ ಮಾತ್ರ ಮೊದಲಿನಂತೆ ಆಗಲಿಲ್ಲ. ಆ ವರ್ಷದ ಕರಿ ಬೇರೆ ಎತ್ತು ಹರಿಯಿತು. ಸರ್ಜ್ಯಾ ಆಮೇಲೆ ಇನ್ನೊಂದು ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ಮೇವಿನ ಗ್ವಾದಲಿಯ ಮುಂದೆ ನಿಂತೇ ಕಾಲ ಕಳೆಯಿತು. ನಾಲ ಬಡಿಯಲು ಬಂದಾಗೆಲ್ಲ ಗೈಬುಸಾಬ ಅದರ ಮುಂದೆ ಹಾದು ಹೋಗಬೇಕಾಗುತ್ತಿತ್ತು.

ಈ ಕೈ ರಕ್ತ ಕಂಡಿಲ್ಲ ಎಂದು ಅವನು ಹೇಳಲು ಶುರು ಮಾಡಿದ್ದು ಆ ವರ್ಷವೇ. ಹೆದರಿಕೆಯಿಂದ ಆಡಿದ ಮಾತು, ಆಡುತ್ತ ಆಡುತ್ತ ಹೆಮ್ಮೆ ಆಯಿತು. ಅದನ್ನು ಈಗ ಒಡೆದರೆ ಉಳಿಯುವುದೇನು? ಸಂಜೆಯೊಳಗೆ ಝಳಕಿಗೆ ಸುದ್ದಿ ಮುಟ್ಟುತ್ತದೆ. ಎಂಟು ಜೋಡಿ ಎತ್ತಿನ ಈ ಮನೆ ಹೋಗುತ್ತದೆ, ಇವರನ್ನು ನೋಡಿ ಬಂದ ಹತ್ತು ಮನೆ ಹೋಗುತ್ತವೆ. ಚಹಾದ ಅಂಗಡಿಯವನು ಹೊಸ ಗಿರಾಕಿಗೆ ಹೊಸ ಕತೆ ಹೇಳುತ್ತಾನೆ. ಒಂದು ಬೆಕ್ಕಿನ ಸಲುವಾಗಿ. ಆ ಬೆಕ್ಕು ಇಷ್ಟೊತ್ತಿಗೆ ಮುದುಕಿಯ ತೊಡೆಯಿಂದ ಇಳಿದು ಅವನ ಸಾಮಾನಿನ ಚೀಲ ಮೂಸುತ್ತಿತ್ತು.

ಹೊನ್ನವ್ವ ಈಗ ಕೇಳಿದಳು. "ಗೈಬೂ, ಮಂದಿ ಮಾತ ಬಿಡು. ನೀ ಹೇಳು. ನನ್ನ ಚಂಪಿಗೆ ಏನೂ ಆಗೂದಿಲ್ಲೇನು?"

ಹೂಂ ಅಂದುಬಿಟ್ಟರೆ ಅವಳು ನಂಬುತ್ತಿದ್ದಳು. ಅದೇ ಅವನಿಗೆ ತಡೆಯಲಾಗಲಿಲ್ಲ.

ಎದ್ದು ನಿಂತು ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ.

"ಆಗತೈತಿ ಅವ್ವಾರ. ಇದರ ನಡಿಗಿ ಹೋಗತೈತಿ. ಜೀವಕ್ಕ ತಾಗಿದ್ರ ಏನ ಆಗತೈತಿ ಅಂತ ನನಗ ಗೊತ್ತೈತಿ. ನಿಮ್ಮ ಸರ್ಜ್ಯಾಗ ಕಲ್ಲ ಚುಚ್ಚಿದ್ದಿಲ್ರಿ. ಮೂರನೇ ಮೊಳಿ. ನಾನ ಹೊಡದಿದ್ದೆ. ರಗತ ಬಂತು, ಒರಸಿ ಮುಚ್ಚಿದೆ. ಈ ಕೈ ರಗತ ಕಂಡೈತಿ."

ಕಟ್ಟೆಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೌಡರ ಮುಖ ಕಪ್ಪಿಟ್ಟಿತು. ಸರ್ಜ್ಯಾನ ಬೆನ್ನ ಮೇಲೆ ಕೂತು ಹಳ್ಳಕ್ಕೆ ಹೋಗಿ ಬೆಳೆದವರು ಅವರು. ಇಷ್ಟು ವರ್ಷ ನಮ್ಮ ಅನ್ನ ತಿಂದು, ನಮ್ಮ ಅಂಗಳದಲ್ಲೇ ನಿಂತು ಸುಳ್ಳು ಹೇಳಿದೆಯಾ ಎಂದು ಅವರು ದನಿ ಏರಿಸಿದರು. ಗುರಲಿಂಗಪ್ಪನಿಗೆ, ಇವನ ಚೀಲ ಎತ್ತಿ ಕೈಗೆ ಕೊಡು, ಇನ್ನು ಮುಂದೆ ಈ ಮನೆಯ ಎತ್ತು ಝಳಕಿಯ ಕಡೆ ತಿರುಗಕೂಡದು ಅಂದರು. ಗೈಬುಸಾಬ ತಲೆ ತಗ್ಗಿಸಲಿಲ್ಲ. ತಗ್ಗಿಸಬೇಕು ಅನ್ನಿಸಿತು, ಆದರೆ ಕತ್ತು ಬಗ್ಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಆ ಅಂಗಳದಲ್ಲಿ ಅವನಿಗೆ ಉಸಿರು ಪೂರಾ ಒಳಗೆ ಹೋಗಿ ಹೊರಗೆ ಬಂದಿತ್ತು. ಹೆಸರು ಹೋದರೆ ಹೋಗಲಿ, ಬೆಕ್ಕಿನ ಬೆರಳಂತೂ ಉಳಿದವು ಅಂದುಕೊಂಡ.

"ಶ್ರೀಶೈಲಾ, ಬಾಯಿ ಮುಚ್ಚು," ಅಂದಳು ಹೊನ್ನವ್ವ.

ಊರಿಗೆ ಗೌಡರಾದವರು ಬಾಯಿ ಮುಚ್ಚಿದರು. ಮುದುಕಿ ಕಂಬ ಹಿಡಿದು ಎದ್ದು, ಗೈಬುಸಾಬನ ಹತ್ತಿರ ಬಂದು, ಕಣ್ಣು ಸಣ್ಣ ಮಾಡಿ ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಆಶ್ಚರ್ಯವೂ ಇರಲಿಲ್ಲ.

"ಬೆಕ್ಕ ಕಣ್ಣ ಮುಚ್ಚಿ ಹಾಲ ಕುಡದ್ರ, ಮನಿ ಮಂದೀನೂ ಕಣ್ಣ ಮುಚ್ಚಿರತಾರೇನೋ ಹುಚ್ಚಾ?" ಅಂದಳು. "ಸರ್ಜ್ಯಾ ಕುಂಟಿದ ಮರುದಿನ ಅದರ ಕಾಲಿಗೆ ಬಿಸಿನೀರ ಹಾಕಿ ಸಗಣಿ ತೊಳದಾಕಿ ನಾನು. ಮೂರನೇ ಮೊಳಿ ಹತ್ರ ತೂತ ಎರಡ ಇದ್ದೂ. ಕಲ್ಲ ಚುಚ್ಚೈತಿ ಅಂತ ಮನಿಯವರಿಗೆ ಹೇಳಿದಾಕೀನೂ ನಾನ."

ಗೌಡರು ಕೇಳಿದರು, ಗೊತ್ತಿದ್ದೂ ಯಾಕೆ ಇವನ ಮಾತಿನ ಮೇಲೇ ಬಿಟ್ಟೆ ಎಂದು.

"ಆ ಮ್ಯಾಲಿಂದ ಇಂವ ಬಂದಾಗೊಮ್ಮೆ ಬಾಗಲದಾಗ ನಿಂತ ಒಂದೊಂದ ಮೊಳಿ ನೋಡೇನಿ. ಯಾರ ಹೊಗಳಿದ್ರೂ ಇಂವ ತಲಿ ಎತ್ತಿಲ್ಲ. ಒಮ್ಮೆ ಹೆದರಿದ ಕೈ ಇದು. ಹೆದರಿಕಿ ಗೊತ್ತಿಲ್ಲದ ಕೈಯಾಗ ನಾ ಎತ್ತ ಕೊಡೂದಿಲ್ಲ, ಬೆಕ್ಕೂ ಕೊಡೂದಿಲ್ಲ. ಅದಕ್ಕ ಇವನ ಮಾತಿನ ಮ್ಯಾಲ ಬಿಟ್ಟಿದ್ದೆ." ಅವಳು ಗೈಬುಸಾಬನ ಕಡೆ ತಿರುಗಿದಳು. "ಹೇಳಾಕ ಭಾಳ ವರ್ಷ ತಗೊಂಡಿ. ಆದ್ರೂ ನಾಕ ಮಂದ್ಯಾಗ ಹೇಳಿದಿ. ಗಂಡಸ ಅದಿ."

ಗೈಬುಸಾಬನ ಕಣ್ಣು ತುಂಬಿದವು. ಅವನು ಅದನ್ನು ಮರೆಮಾಡಲೂ ಇಲ್ಲ. ಊರೂರಿನವರು ಹೊಗಳಿದ್ದನ್ನು ಕೇಳಿ ಕೇಳಿ ಉಬ್ಬಿದ ಎದೆ ಅದು, ಆದರೆ ಈ ಒಂದು ಮಾತಿನಷ್ಟು ಅದನ್ನು ಯಾವುದೂ ತುಂಬಿರಲಿಲ್ಲ. ಅವೆಲ್ಲ ಅವನು ಹೇಳಿಸಿಕೊಂಡ ಹೊಗಳಿಕೆ. ಇದು ಎಲ್ಲ ಗೊತ್ತಿದ್ದವಳು ಕೊಟ್ಟದ್ದು.

ಚಂಪಿಯ ಉಗುರಿನ ತೀರ್ಮಾನ ಅಲ್ಲಿಗೆ ಮುಗಿಯಿತು. ಗೈಬುಸಾಬ ಸಣ್ಣ ಕತ್ತರಿಯಿಂದ ತುದಿಯ ಸತ್ತ ಚೂರುಗಳನ್ನಷ್ಟೇ ಕತ್ತರಿಸಿದ, ಗುಲಾಬಿ ಬಣ್ಣಕ್ಕೆ ಒಂದು ಕೂದಲೆಳೆ ದೂರದಲ್ಲೇ ನಿಲ್ಲಿಸಿದ. ಮಸೆಯದೆ ಇರುವುದು ಬೆಕ್ಕಿನ ಜಾತಿಗೆ ಆಗದ ಮಾತು, ಸೋಫಾದ ಪಕ್ಕಕ್ಕೆ ಒಂದು ಜಾಲಿಯ ತುಂಡಿಗೆ ಗೋಣಿತಟ್ಟು ಸುತ್ತಿ ನಿಲ್ಲಿಸಿರಿ ಎಂದು ಹೇಳಿದ. ಅಳಿಯ ಪರದೇಶದ ಇನ್ನೊಂದು ಸಂಗತಿ ತೆಗೆಯಲು ಬಾಯಿ ತೆರೆದ, ಅತ್ತೆಮನೆಯ ಅಜ್ಜಿಯ ಮುಖ ನೋಡಿ ಮುಚ್ಚಿದ.

ಕಡೆಗೆ ಗೌಡರು, ಗೈಬುಸಾಬನ ಮುಖ ನೋಡದೆ, ಗ್ವಾದಲಿಯ ಕಡೆ ಕೈ ಮಾಡಿ, ಬಿಳಿ ಜೋಡಿಯ ನಾಲ ಸವೆದಿವೆ, ಹೇಗೂ ಬಂದಿದ್ದಾನೆ, ಬಡಿದು ಹೋಗಲಿ ಎಂದು ಗುರಲಿಂಗಪ್ಪನಿಗೆ ಹೇಳಿದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತು ಅನ್ನುವುದು ಎಲ್ಲರಿಗೂ ಕಂಡಿತು. ಅವರೂ ಆ ತಾಯಿಯ ಮಗನೇ.

ಎತ್ತು ಕೆಡವಿದರು. ಗೈಬುಸಾಬ ರುಮಾಲು ಬಿಗಿದು ಕೂತ, ಗೊರಸು ಕೆತ್ತಿದ, ನಾಲ ಇಟ್ಟ, ಮೊದಲ ಮೊಳೆಯನ್ನು ಬೆರಳ ತುದಿಯಲ್ಲಿ ಹಿಡಿದ. ಹೊಡೆಯುವ ಮೊದಲು ಒಮ್ಮೆ ಬಾಗಿಲ ಕಡೆ ನೋಡಿದ. ಇಷ್ಟು ವರ್ಷ ಮುದುಕಿ ನಿಂತು ನೋಡುತ್ತಿದ್ದ ಜಾಗ ಖಾಲಿ ಇತ್ತು. ಹೊನ್ನವ್ವ ಬೆಕ್ಕನ್ನು ಎತ್ತಿಕೊಂಡು, ಅಂಗಳಕ್ಕೆ ಬೆನ್ನು ಮಾಡಿ ಒಳಗೆ ಹೋಗುತ್ತಿದ್ದಳು. ಗೈಬುಸಾಬ ತಲೆ ಬಗ್ಗಿಸಿ ಸುತ್ತಿಗೆ ಎತ್ತಿದ.